ಪಕ್ಕದ ಕುರ್ಚಿಯ ಕಸುಬು

ಬೆಂಗಳೂರಿನ ಕಿದ್ವಾಯಿಯಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ರೋಗಿಯನ್ನು ಸೇರಿಸಿದರೆ ಮೊದಲು ಕೇಳುವ ಮಾತು, 'ಅಟೆಂಡರ್ ಯಾರ್ರೀ?' ಔಷಧಿ ಅಂಗಡಿಗೆ ಓಡುವವರು, ರಿಪೋರ್ಟಿಗೆ ಸಾಲು ನಿಲ್ಲುವವರು, ರಾತ್ರಿ ಮಂಚದ ಪಕ್ಕ ಚಾಪೆ ಹಾಸುವವರು ಎಲ್ಲ ಆ ಅಟೆಂಡರೇ. ಹಾಗೆ ಬೆಳೆದ ನಮ್ಮವರು ಸಿಯಾಟಲ್ಲಿನ ಆಸ್ಪತ್ರೆಗಳನ್ನು ಮೊದಲ ಸಲ ಒಳಗಿನಿಂದ ನೋಡಿದಾಗ ಬೆರಗಾಗುತ್ತಾರೆ. ಹಾಸಿಗೆ ಬದಲಿಸುವುದು, ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಎಲ್ಲಕ್ಕೂ ಜನ ಇದ್ದಾರೆ. ಜೊತೆಗೆ ಬಂದ ಗಂಡನಿಗೋ ಹೆಂಡತಿಗೋ ಒಂದು ಕುರ್ಚಿ, ಒಂದು ಕಪ್ ಕಾಫಿ, ಇಷ್ಟೇ. 'ಇಲ್ಲಿ ನಮಗೇನೂ ಕೆಲಸವೇ ಇಲ್ಲವಲ್ಲ' ಅನ್ನುತ್ತಾರೆ.

ಆ ಬೆರಗು ಹೆಚ್ಚು ದಿನ ಬಾಳುವುದಿಲ್ಲ. ಇಲ್ಲಿನ ಆಸ್ಪತ್ರೆ ರೋಗಿಯನ್ನು ಇಟ್ಟುಕೊಳ್ಳುವುದು ಕಡಿಮೆ. ಅದು ಕರೆಸುತ್ತದೆ, ನೋಡುತ್ತದೆ, ಔಷಧಿ ಹರಿಸುತ್ತದೆ, ಸಂಜೆಗೆ ಮನೆಗೆ ಕಳಿಸುತ್ತದೆ. ಮತ್ತೆ ನಾಡಿದ್ದು ಬನ್ನಿ ಅನ್ನುತ್ತದೆ. ಈ ಎರಡು ಭೇಟಿಗಳ ನಡುವೆ ವಾರ್ಡು ಎಂದರೆ ಮನೆ, ನರ್ಸು ಎಂದರೆ ಮನೆಯವರು. ನಮ್ಮೂರಲ್ಲಿ ಅಟೆಂಡರ್ ಬೇಕಾಗಿರುವುದು ಆಸ್ಪತ್ರೆಯ ಒಳಗೆ. ಇಲ್ಲಿ ಬೇಕಾಗಿರುವುದು ಹೊರಗೆ. ಹೊರಗಿನ ಕೆಲಸವೇ ಹೆಚ್ಚು ಕಷ್ಟದ್ದು ಎಂಬುದು, ಸಿಯಾಟಲ್ ಪಕ್ಕದ ಈಸ್ಟ್‌ಸೈಡಿನ ಹಲವು ಕನ್ನಡ ಮನೆಗಳಲ್ಲಿ ಅದನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಬಂದ ಅಭಿಪ್ರಾಯ. ಅದಕ್ಕೆ ಕಲಿಕೆ ಬೇಕು, ಕೈ ಪಳಗಬೇಕು. ಅದು ಸೇವೆಯೂ ಹೌದು, ತ್ಯಾಗವೂ ಹೌದು. ಆದರೆ ಆ ದೊಡ್ಡ ಮಾತುಗಳ ಹಿಂದೆ ಅದರ ಕೈಚಳಕ ಮರೆಯಾಗಿಬಿಡುತ್ತದೆ. ಅದಕ್ಕೇ ಇದನ್ನು ಒಂದು ಕಸುಬು ಎಂದೇ ಪರಿಚಯಿಸುತ್ತಿದ್ದೇನೆ.

ಈ ಕಸುಬಿಗೆ ಸಿಯಾಟಲ್ ಬರೀ ಹಿನ್ನೆಲೆಯಲ್ಲ, ಒಂದು ಲೆಕ್ಕದಲ್ಲಿ ತವರು. 1960ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಕ್ಲೈಡ್ ಶೀಲ್ಡ್ಸ್ ಎಂಬ ಬೋಯಿಂಗ್ ಕಾರ್ಮಿಕನ ತೋಳಿಗೆ ಟೆಫ್ಲಾನ್ ಕೊಳವೆಯೊಂದನ್ನು ಶಾಶ್ವತವಾಗಿ ಜೋಡಿಸಿದರು. ಅಲ್ಲಿಯವರೆಗೆ ಡಯಾಲಿಸಿಸ್ ಮಾಡಿದಾಗಲೆಲ್ಲ ಒಂದು ರಕ್ತನಾಳ ಹಾಳಾಗುತ್ತಿತ್ತು, ಆದ್ದರಿಂದ ಕೆಲವೇ ಸಲ ಮಾಡಲು ಸಾಧ್ಯವಿತ್ತು. ಶೀಲ್ಡ್ಸ್ ಇನ್ನೂ ಹನ್ನೊಂದು ವರ್ಷ ಬದುಕಿದರು. ಮೂತ್ರಪಿಂಡ ಸೋತವರು ವಾರಕ್ಕೆ ಇಷ್ಟು ಸಲ ಎಂದು ಲೆಕ್ಕ ಹಾಕಿ ಆಸ್ಪತ್ರೆಗೆ ಹೋಗಿಬಂದು ವರ್ಷಗಟ್ಟಲೆ ಬದುಕುವ ರೂಢಿ ಶುರುವಾದದ್ದು ಅಲ್ಲಿಂದ. 1962ರ ಜನವರಿಯಲ್ಲಿ ಅದಕ್ಕೆಂದೇ ಒಂದು ಕೇಂದ್ರ ತೆರೆಯಿತು. ಹಾಸಿಗೆ ಮೂರೇ. ಯಾರಿಗೆ ಕೊಡಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸಲು ಏಳು ಜನರ ಸಮಿತಿ. ಆ ಸಮಿತಿಯ ಕಥೆಯನ್ನು ಅದೇ ವರ್ಷ 'ಲೈಫ್' ಪತ್ರಿಕೆ ಬರೆದಾಗ ದೇಶವೆಲ್ಲ ತಲ್ಲಣಿಸಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಮುಂದಿನ ಭಾಗ. ಹಾಸಿಗೆ ಸಾಲದಿದ್ದಾಗ ಸ್ಕ್ರಿಬ್ನರ್ ಮತ್ತು ಅವರ ಜೊತೆಗಿದ್ದ ಎಂಜಿನಿಯರ್ ಆಲ್ಬರ್ಟ್ ಬ್ಯಾಬ್ ಅವರು ಯಂತ್ರವನ್ನೇ ಮನೆಗೆ ಕಳಿಸುವ ದಾರಿ ಹುಡುಕಿದರು. 1964ರಲ್ಲಿ ಹೈಸ್ಕೂಲಿನ ಒಬ್ಬ ಹುಡುಗಿಯ ಮನೆಗೆ ಮೊದಲ ಯಂತ್ರ ಹೋಯಿತು. ನಡೆಸುವುದನ್ನು ಕಲಿತವರು ತಾಯಿ. ಆಮೇಲೆ ಕಲಿತವರಲ್ಲಿ ಬಹುಪಾಲು ಹೆಂಡತಿಯರು, ಗಂಡಂದಿರು. ಆ ಕಾಲದ ಕೀಲ್ ಎಂಬ ಡಯಾಲೈಸರನ್ನು ಪ್ರತಿ ಸಲವೂ ಹಲಗೆಗಳ ನಡುವೆ ತೆಳು ಹಾಳೆ ಹಾಸಿ, ಬಿಗಿದು, ಸೋರುತ್ತಿಲ್ಲ ಎಂದು ಪರೀಕ್ಷಿಸಿ ಕಟ್ಟಬೇಕಿತ್ತು. ಅಡುಗೆ, ಹೊಲಿಗೆ, ಗುಮಾಸ್ತಿಕೆ ಮಾಡಿಕೊಂಡಿದ್ದ ಜನ ರಾತ್ರಿಯಿಡೀ ಸಂಗಾತಿಯ ರಕ್ತ ಯಂತ್ರದೊಳಗೆ ಹೋಗಿ ಬರುವುದನ್ನು ಕಾಯ್ದರು, ಬೆಳಗ್ಗೆ ಎದ್ದು ಕೆಲಸಕ್ಕೆ ಹೋದರು. 1970ರ ದಶಕದ ಆರಂಭಕ್ಕೆ ಅಮೆರಿಕದ ಡಯಾಲಿಸಿಸ್ ರೋಗಿಗಳಲ್ಲಿ ಸುಮಾರು ಶೇ. 40ರಷ್ಟು ಜನ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದರು. 1972ರ ಕಾನೂನು ಬಂದು ಮರುವರ್ಷದಿಂದ ಸರ್ಕಾರವೇ ಡಯಾಲಿಸಿಸ್ ಖರ್ಚು ಹೊರಲು ಶುರುಮಾಡಿದ ಮೇಲೆ ಕೇಂದ್ರಗಳು ಹೆಚ್ಚಿದವು, ಮನೆಯ ಪಾಲು ಇಳಿಯಿತು. ಆದರೆ ಕಲಿಸಿದರೆ ಮನೆಯವರು ಕಲಿಯುತ್ತಾರೆ ಎಂಬುದು ಆ ಹೊತ್ತಿಗಾಗಲೇ ರುಜುವಾತಾಗಿತ್ತು.

ಎದೆಯೊಳಗಿನ ದೊಡ್ಡ ರಕ್ತನಾಳಕ್ಕೆ ಸೇರಿ ತಿಂಗಳುಗಟ್ಟಲೆ ದೇಹದಲ್ಲೇ ಉಳಿಯುವ ಮೆತ್ತನೆಯ ಕೊಳವೆಯೂ ಇದೇ ಊರಿನದು. 1973ರಲ್ಲಿ ಬ್ರೋವಿಯಾಕ್, 1979ರಲ್ಲಿ ಅದನ್ನು ಸುಧಾರಿಸಿದ ಹಿಕ್‌ಮನ್. ಇಂದಿಗೂ ಬೆಂಗಳೂರಿನ ಕ್ಯಾನ್ಸರ್ ವಾರ್ಡುಗಳಲ್ಲಿ 'ಹಿಕ್‌ಮನ್ ಲೈನ್' ಅನ್ನುವಾಗ ಹೇಳುವುದು ಸಿಯಾಟಲ್ಲಿನ ಒಬ್ಬ ಮಕ್ಕಳ ವೈದ್ಯರ ಹೆಸರನ್ನು. ಅಸ್ಥಿಮಜ್ಜೆಯ ಕಸಿಯನ್ನು ಸಾಧ್ಯವಾಗಿಸಿ 1990ರಲ್ಲಿ ನೊಬೆಲ್ ಪಡೆದ ಡೊನಾಲ್ ಥಾಮಸ್ ಕೆಲಸ ಮಾಡಿದ್ದು ಇಲ್ಲೇ, 1975ರಲ್ಲಿ ತೆರೆದ ಫ್ರೆಡ್ ಹಚಿನ್ಸನ್ ಕೇಂದ್ರದಲ್ಲಿ. ಅವರ ಹೆಂಡತಿ ಡಾಟಿ ಪತ್ರಿಕೋದ್ಯಮದ ಓದು ಬಿಟ್ಟು, ಪ್ರಯೋಗಾಲಯದ ಕೆಲಸ ಕಲಿತು, ಜೀವಮಾನವಿಡೀ ಗಂಡನ ಪಕ್ಕದಲ್ಲಿ ದುಡಿದರು. ಅವರನ್ನು ಅಸ್ಥಿಮಜ್ಜೆ ಕಸಿಯ ತಾಯಿ ಎಂದು ಕರೆಯುತ್ತಾರೆ. ನೊಬೆಲ್ ಪದಕದ ಮೇಲೆ ಒಂದೇ ಹೆಸರಿಗೆ ಜಾಗ, ಅದು ಬೇರೆ ಮಾತು.

ಈ ಹಚಿನ್ಸನ್ ಕೇಂದ್ರದಲ್ಲಿ ಕಸಿ ಮಾಡಿಸಿಕೊಳ್ಳುವವರಿಗೆ ಒಂದು ನಿಯಮವಿದೆ: ದಿನದ ಇಪ್ಪತ್ತನಾಲ್ಕು ಗಂಟೆಯೂ ಜೊತೆಗಿರಲು ಒಬ್ಬರು ಇರಬೇಕು, ಕ್ಲಿನಿಕ್‌ನಿಂದ ಸುಮಾರು ಅರ್ಧ ಗಂಟೆಯ ದಾರಿಯೊಳಗೆ ವಾಸವಿರಬೇಕು. ಬೇರೆಯವರ ಮಜ್ಜೆ ಪಡೆದವರಾದರೆ ಇದು ಸುಮಾರು 100 ದಿನದ ವ್ರತ. ಜೊತೆಗಾರರಿಗೆ ತರಗತಿ ನಡೆಯುತ್ತದೆ. ಲೈನನ್ನು ತೊಳೆಯುವುದು ಹೇಗೆ, ಡ್ರೆಸ್ಸಿಂಗ್ ಒದ್ದೆಯಾದರೆ ಏನು, ಯಾವ ಮಾತ್ರೆ ಯಾವಾಗ, ಯಾವುದಕ್ಕೆ ರಾತ್ರಿ ಎರಡು ಗಂಟೆಯಾದರೂ ಫೋನ್ ಮಾಡಬೇಕು. ನಲವತ್ತು ವರ್ಷ ಎಲ್‌ಐಸಿಯಲ್ಲಿ ಫೈಲು ನೋಡಿ ಮಗಳ ಮನೆಗೆಂದು ಬಂದ ಹಾಸನದ ಕಡೆಯ ಹಿರಿಯರೊಬ್ಬರು ಹೆಂಡತಿಗಾಗಿ ಈ ತರಗತಿಯಲ್ಲಿ ಕೂತು ನೋಟ್ಸ್ ಬರೆದುಕೊಂಡರು. ಎಪ್ಪತ್ತರ ವಯಸ್ಸಿನಲ್ಲಿ ಕೈ ನಡುಗದಂತೆ ಸಿರಿಂಜ್ ಹಿಡಿಯಲು ಕಲಿತರು. ಅವರ ಹೆಸರು ಬೇಡ, ರಾಯರು ಅನ್ನೋಣ. ಈ ಕಸುಬಿನಲ್ಲಿ ನಾನು ಕಂಡ ಅತ್ಯುತ್ತಮ ಕೈ ಅವರದು. ಮುಂದೆ ಹೇಳುವುದರಲ್ಲಿ ಅರ್ಧಕ್ಕರ್ಧ ಅವರಿಂದ ಮತ್ತು ಅವರಂಥವರಿಂದ ನೋಡಿ ತಿಳಿದದ್ದು.

ಒಂದು ಭೇಟಿಯ ದಿನ ಹೇಗಿರುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. 'ಡಾಕ್ಟರ್ ಹತ್ತಿರ ಹೋಗಿದ್ವಿ' ಅನ್ನುವ ಒಂದು ಮಾತಿನೊಳಗೆ ಮೂರು ಭೇಟಿ ಇರುತ್ತದೆ. ಮೊದಲು ರಕ್ತ ತೆಗೆಸುವುದು. ಫಲಿತಾಂಶ ಬರಲು ಒಂದು ಗಂಟೆಯೋ ಹೆಚ್ಚೋ. ಆಮೇಲೆ ಡಾಕ್ಟರ್. ಆಮೇಲೆ ಇನ್ಫ್ಯೂಷನ್ ಕೋಣೆ. ಅಲ್ಲಿ ಕೂತ ಕೂಡಲೇ ಔಷಧಿ ಬರುವುದಿಲ್ಲ. ರಕ್ತಕಣಗಳ ಸಂಖ್ಯೆ ಸಾಕಷ್ಟಿದೆ ಎಂದು ಡಾಕ್ಟರ್ ಒಪ್ಪಿದ ಮೇಲೇ ಫಾರ್ಮಸಿಯವರು ಕಲಸಲು ಶುರುಮಾಡುತ್ತಾರೆ. ಹೊಸಬರು ನರ್ಸ್ ಮೇಲೆ ಸಿಡಿಮಿಡಿಗೊಳ್ಳುವುದು ಈ ಘಳಿಗೆಯಲ್ಲೇ. ಪಳಗಿದವರು ಮುಂಚೆಯೇ ಮೂರನ್ನೂ ಒಂದೇ ದಿನಕ್ಕೆ ಹೊಂದಿಸಿ ಎಂದು ಸಮಯ ಕೊಡುವವರ ಹತ್ತಿರ ಕೇಳಿಕೊಂಡಿರುತ್ತಾರೆ, ನಡುವೆ ಎಷ್ಟು ಬಿಡುವು ಬೇಕು ಎಂದೂ ಹೇಳಿರುತ್ತಾರೆ. ಔಷಧಿ ಹರಿಸಲೆಂದು ಎದೆಯ ಚರ್ಮದಡಿ ಇಟ್ಟ ಪೋರ್ಟ್ ಇದ್ದರೆ ಅದರಿಂದ ರಕ್ತ ತೆಗೆಯಲು ನರ್ಸೇ ಬೇಕು, ಆ ಸಾಲು ಬೇರೆ ಎಂಬುದು ಅವರಿಗೆ ಗೊತ್ತು. ಸಮಯ ನಿಗದಿ ಮಾಡುವ ಆ ಫೋನಿನ ಧ್ವನಿಯ ಹೆಸರು ಕೇಳಿ ಬರೆದಿಟ್ಟುಕೊಂಡು, ಮುಂದಿನ ಸಲ ಹೆಸರು ಹಿಡಿದು ಮಾತಾಡಿಸುವುದು ರಾಯರ ಪದ್ಧತಿ. ಎಲ್‌ಐಸಿ ಕೌಂಟರಿನ ಆ ಬದಿಯಲ್ಲಿ ಕೂತು ಬಂದವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಆಸ್ಪತ್ರೆ ತಲುಪುವುದೂ ಒಂದು ಲೆಕ್ಕಾಚಾರ. ಮೈಕ್ರೋಸಾಫ್ಟ್, ಅಮೆಜಾನ್‌ಗಳಿಗೆಂದು ಬಂದ ಕನ್ನಡಿಗರಲ್ಲಿ ಹೆಚ್ಚಿನವರ ಮನೆ ಲೇಕ್ ವಾಷಿಂಗ್ಟನ್‌ನ ಪೂರ್ವಕ್ಕೆ: ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್, ಬಾಥೆಲ್. ದೊಡ್ಡ ಆಸ್ಪತ್ರೆಗಳಲ್ಲಿ ಹಲವು ಇರುವುದು ಆಚೆ ದಡದಲ್ಲಿ. ನಡುವೆ ತೇಲುವ ಸೇತುವೆಗಳ ಮೇಲೆ ಹಾದುಹೋಗುವ ಎರಡು ಹೆದ್ದಾರಿ. 520ಕ್ಕೆ ಸುಂಕ, ಅದೂ ಹೊತ್ತಿಗೊಂದು ದರ. ಐ-90ಕ್ಕೆ ಸುಂಕವಿಲ್ಲ, ಬದಲಿಗೆ ಸುತ್ತು. ಯಾವ ದಿನ ಯಾವುದು ಎಂಬುದು ಜೊತೆಗಾರರ ಮೊದಲ ತೀರ್ಮಾನ. ಮಾಂಟ್‌ಲೇಕ್‌ನ ವಿಶ್ವವಿದ್ಯಾಲಯದ ಆಸ್ಪತ್ರೆ ಫುಟ್ಬಾಲ್ ಸ್ಟೇಡಿಯಂನ ಪಕ್ಕದಲ್ಲಿದೆ. ಶರತ್ಕಾಲದ ಪಂದ್ಯದ ಶನಿವಾರ ಆ ಕಡೆ ಹೋಗಬೇಕಾದರೆ ಕ್ಯಾಲೆಂಡರ್ ನೋಡಿ ಹೊರಡಬೇಕು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಮೇಲೆ ಮಳೆ. ಕನ್ನಡಕ ಹಾಕಿದ ಹಿರಿಯರಿಗೆ ಒದ್ದೆ ರಸ್ತೆಯ ಮೇಲಿನ ಹೆಡ್‌ಲೈಟು ಕಣ್ಣು ಕುಕ್ಕುತ್ತದೆ. ಆದ್ದರಿಂದ ಚಳಿಗಾಲದಲ್ಲಿ ಬೆಳಗಿನ ಸಮಯ ಕೇಳಿ ಪಡೆಯುವುದು ಜಾಣತನ. ಬೇನ್‌ಬ್ರಿಜ್‌ನಂಥ ದ್ವೀಪದವರಾದರೆ ಫೆರಿ ಹಿಡಿಯಬೇಕು. ವೈದ್ಯರ ಪತ್ರವಿದ್ದರೆ ಚಿಕಿತ್ಸೆಗೆ ಹೋಗಿ ಬರುವವರ ಕಾರನ್ನು ಸಾಲಿನಲ್ಲಿ ಮುಂದೆ ಬಿಡುವ ವ್ಯವಸ್ಥೆ ರಾಜ್ಯದ ಫೆರಿಗಳಲ್ಲಿದೆ. ಕೇಳಿದವರಿಗೆ ಸಿಗುತ್ತದೆ, ಕೇಳಬಹುದೆಂದು ತಿಳಿದವರು ಕಡಿಮೆ.

ಕೋಣೆಯೊಳಗಿನ ಕೆಲಸ ಇನ್ನೂ ನಯದ್ದು. ಡಾಕ್ಟರ್ ಸಿಗುವುದು ಹದಿನೈದೋ ಇಪ್ಪತ್ತೋ ನಿಮಿಷ. ನಮ್ಮವರಿಗೆ ದೊಡ್ಡ ಮಾತನ್ನು ಕೊನೆಗೆ, ಬಾಗಿಲ ಹತ್ತಿರ ಎದ್ದು ನಿಂತಾಗ ಹೇಳುವ ಅಭ್ಯಾಸ. ಅದನ್ನು ಮೊದಲಿಗೆ ತರಬೇಕು. ಹಿಂದಿನ ರಾತ್ರಿಯೇ ಇಬ್ಬರೂ ಕೂತು ಮೂರು ಪ್ರಶ್ನೆ ಬರೆಯುತ್ತಾರೆ, ಮೂರೇ. ಉಳಿದದ್ದನ್ನು ಆಸ್ಪತ್ರೆಯ ಆ್ಯಪ್‌ನಲ್ಲಿ ಬರೆದು ಕಳಿಸಿದರಾಯಿತು. ಇನ್ನೊಂದು ತೊಡಕು, 'ನೋವು ಒಂದರಿಂದ ಹತ್ತರಲ್ಲಿ ಎಷ್ಟು?' ಎಂಬ ಪ್ರಶ್ನೆ. ನಮ್ಮ ಅಮ್ಮಂದಿರು ಇದಕ್ಕೆ 'ಪರವಾಗಿಲ್ಲ' ಅನ್ನುತ್ತಾರೆ. ಹೆರಿಗೆಯನ್ನೂ ಮಂಡಿನೋವನ್ನೂ 'ಪರವಾಗಿಲ್ಲ' ಎಂದೇ ಕಳೆದವರು. ಡಾಕ್ಟರ್ ಅದನ್ನು ಎರಡು ಎಂದು ಬರೆದುಕೊಂಡರೆ ನೋವಿನ ಮಾತ್ರೆ ಹೆಚ್ಚುವುದಿಲ್ಲ.

ಇಲ್ಲಿ ಪಕ್ಕದ ಕುರ್ಚಿಯವರ ನಿಜವಾದ ಪರೀಕ್ಷೆ. ಬಾಯಿ ಹಾಕಿ 'ಇಲ್ಲ ಡಾಕ್ಟ್ರೇ, ಇವಳಿಗೆ ತುಂಬಾ ನೋವು' ಎಂದರೆ ರೋಗಿಯ ಮಾತಿನ ಬೆಲೆ ಹೋಗುತ್ತದೆ, ಮನೆಗೆ ಬಂದ ಮೇಲೆ ಮುನಿಸು ಬೇರೆ. ಸುಮ್ಮನಿದ್ದರೆ ವೈದ್ಯರಿಗೆ ವಿಷಯ ಗೊತ್ತಾಗುವುದಿಲ್ಲ. ರಾಯರು ಮೊದಲು ಹೆಂಡತಿಯನ್ನು ಪೂರ್ತಿ ಮಾತಾಡಲು ಬಿಡುತ್ತಿದ್ದರು. ಆಮೇಲೆ, 'ಇದನ್ನೂ ಹೇಳಲಾ?' ಎಂಬಂತೆ ಒಮ್ಮೆ ಆಕೆಯ ಮುಖ ನೋಡಿ, ನೋಟ್‌ಬುಕ್ ತೆರೆದು ಬರೀ ಸಂಗತಿ ಓದುತ್ತಿದ್ದರು: ಭಾನುವಾರ ಮೆಟ್ಟಿಲು ಹತ್ತುವಾಗ ಎರಡು ಸಲ ಕೂತಳು; ಸೋಮವಾರ ಅರ್ಧ ಇಡ್ಲಿ; ರಾತ್ರಿ ನಾಲ್ಕು ಸಲ ಎದ್ದಳು. ಅದರಲ್ಲಿ ಅಭಿಪ್ರಾಯವಿಲ್ಲ, ಗುಣವಾಚಕವಿಲ್ಲ. ಡಾಕ್ಟರ್‌ಗೆ ಬೇಕಾದದ್ದು ಅದೇ. ವೈದ್ಯರ ಉತ್ತರವನ್ನೂ ಅಲ್ಲೇ ಬರೆದು, 'ನಾನು ಅರ್ಥಮಾಡಿಕೊಂಡದ್ದು ಹೀಗೆ, ಸರಿಯೇ?' ಎಂದು ಒಮ್ಮೆ ಓದಿ ಹೇಳುತ್ತಿದ್ದರು. ಗಾಬರಿಯ ಸುದ್ದಿ ಬಂದ ದಿನ ರೋಗಿಯ ಕಿವಿಗೆ ಮೊದಲ ವಾಕ್ಯದ ನಂತರದ್ದು ಬೀಳುವುದೇ ಇಲ್ಲ. ಆ ಉಳಿದ ವಾಕ್ಯಗಳನ್ನು ಇಟ್ಟುಕೊಂಡಿರುವುದು ಆ ನೋಟ್‌ಬುಕ್.

ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮ ಅಪ್ಪನ ಜೊತೆ ಹೋದಾಗ ಏನು? ಫೆಡರಲ್ ಕಾನೂನಿನ ಪ್ರಕಾರ ಆಸ್ಪತ್ರೆ ಪುಕ್ಕಟೆಯಾಗಿ ದುಭಾಷಿಯನ್ನು ಕೊಡಬೇಕು, ಬಹಳ ಸಲ ಫೋನ್ ಅಥವಾ ವಿಡಿಯೋ ಮೂಲಕ. ಸಮಯ ನಿಗದಿಯಾಗುವಾಗಲೇ 'ಕನ್ನಡ' ಎಂದು ಒತ್ತಿ ಹೇಳಬೇಕು. ಇಲ್ಲದಿದ್ದರೆ ಇಂಡಿಯಾದವರು ಎಂದು ಹಿಂದಿಯವರನ್ನು ಹಚ್ಚಿಬಿಡುತ್ತಾರೆ. ಮಗನೋ ಮಗಳೋ ಇದ್ದಾರಲ್ಲ ಅನ್ನಬಹುದು. ಮಕ್ಕಳು ಕೆಟ್ಟ ಸುದ್ದಿಯನ್ನು ಮೆತ್ತಗೆ ಮಾಡಿ ಹೇಳುತ್ತಾರೆ, ಮುಜುಗರದ ಪ್ರಶ್ನೆಯನ್ನು ನುಂಗುತ್ತಾರೆ. ಗಂಡನಿಗೆ ನಿಜವಾಗಿ ಏನಾಗಿದೆ ಎಂದು ನೇರ ತಿಳಿಯುವ ಹಕ್ಕು ಆ ತಾಯಿಗೆ ಇದೆ. ಮಗನ ದಯೆಯಿಂದ ತಿಳಿಯಬೇಕಾಗಿಲ್ಲ.

ಮನೆಯ ಪಾಳಿಗೆ ಬರೋಣ. ಕೀಮೋ ತೆಗೆದುಕೊಂಡವರ ಬಿಳಿ ರಕ್ತಕಣ ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೆಯ ದಿನದೊಳಗೆ ತಳ ಮುಟ್ಟುತ್ತದೆ. ಆಗ ಬರುವ ಜ್ವರ ಸಾಮಾನ್ಯ ಜ್ವರವಲ್ಲ. ಥರ್ಮಾಮೀಟರ್ 100.4 ಫ್ಯಾರನ್‌ಹೀಟ್ ತೋರಿಸಿದರೆ, ಎಂದರೆ 38 ಸೆಲ್ಸಿಯಸ್, ಹೊತ್ತು ನೋಡದೆ ಫೋನ್ ಮಾಡಬೇಕು. ಇಲ್ಲೇ ನಮ್ಮ ಮನೆಗಳ ಒಂದು ಅಪಾಯವನ್ನು ಹೇಳಬೇಕು. ಪ್ರತಿ ಕನ್ನಡ ಮನೆಯ ಡ್ರಾಯರಿನಲ್ಲೂ ಊರಿನಿಂದ ತಂದ ಡೋಲೋ 650 ಇದೆ. ಮೈ ಬೆಚ್ಚಗಿದೆ ಎಂದ ಕೂಡಲೇ ಕೈ ಅಲ್ಲಿಗೆ ಹೋಗುತ್ತದೆ. ಫೋನ್ ಮಾಡುವ ಮುಂಚೆ ಅದನ್ನು ಕೊಟ್ಟರೆ ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಪಳಗಿದ ಜೊತೆಗಾರರು ಆ ಮಾತ್ರೆಯ ಪಟ್ಟಿಯನ್ನು ಮೊದಲ ದಿನವೇ ಎತ್ತಿ ಬೇರೆ ಕಡೆ ಇಡುತ್ತಾರೆ. ತುರ್ತು ವಿಭಾಗಕ್ಕೆ ಹೋದಾಗ ಹೇಳಬೇಕಾದ ಮೊದಲ ವಾಕ್ಯವನ್ನೂ ಬಾಯಿಪಾಠ ಮಾಡಿರುತ್ತಾರೆ: 'ಕೀಮೋ ನಡೆಯುತ್ತಿದೆ, ಜ್ವರ ಬಂದಿದೆ.' ಹೆಸರು, ವಿಳಾಸ, ವಿಮೆ ಎಲ್ಲ ಆಮೇಲೆ. ಇಂಥವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು ಎಂಬುದು ವೈದ್ಯರ ಗುರಿ, ಕೆಮ್ಮು ನೆಗಡಿಯವರ ನಡುವೆ ಕಾಯುವ ಕೋಣೆಯಲ್ಲಿ ಕೂರಬಾರದು.

ಮಾತ್ರೆಗಳದ್ದೊಂದು ಪ್ರತ್ಯೇಕ ಶಾಸ್ತ್ರ. ಬೇರೆಯವರ ಮಜ್ಜೆಯನ್ನೋ ಅಂಗವನ್ನೋ ಪಡೆದವರಿಗೆ ಟ್ಯಾಕ್ರೋಲಿಮಸ್ ಕೊಡುತ್ತಾರೆ, ದಿನಕ್ಕೆ ಎರಡು ಹೊತ್ತು, ಸಮಯ ತಪ್ಪದೆ. ಆದರೆ ರಕ್ತ ಪರೀಕ್ಷೆಯ ಬೆಳಗ್ಗೆ ಮಾತ್ರ ನುಂಗಬಾರದು. ಹಿಂದಿನ ಹೊತ್ತಿನ ಔಷಧಿ ರಕ್ತದಲ್ಲಿ ಕೊನೆಗೆ ಎಷ್ಟು ಉಳಿದಿದೆ ಎಂದು ಅಳೆದೇ ಮುಂದಿನ ಪ್ರಮಾಣ ನಿರ್ಧರಿಸುವುದು. ನುಂಗಿ ಹೋದರೆ ಅಳತೆ ಕೆಟ್ಟಿತು. ರಕ್ತ ತೆಗೆದ ಕೂಡಲೇ ನುಂಗಲು ಆ ಬೆಳಗಿನ ಮಾತ್ರೆ ರಾಯರ ಅಂಗಿಯ ಜೇಬಿನಲ್ಲಿ ಪುಟ್ಟ ಡಬ್ಬಿಯೊಳಗೆ ಇರುತ್ತಿತ್ತು, ಜೊತೆಗೆ ಎರಡು ಮಾರಿ ಬಿಸ್ಕತ್ತು. ಈ ಔಷಧಿಗೆ ಗ್ರೇಪ್‌ಫ್ರೂಟ್ ಆಗದು ಎಂದು ಕಾಗದದಲ್ಲಿ ಬರೆದಿರುತ್ತಾರೆ. ಚಕ್ಕೋತವೂ ಅದೇ ಜಾತಿ, ಅದೂ ಔಷಧಿಯ ಮಟ್ಟವನ್ನು ಏರಿಸಿಬಿಡಬಲ್ಲದು. ದೇವನಹಳ್ಳಿಯ ಚಕ್ಕೋತದ ನೆನಪಿಗೆ ಇಲ್ಲಿನ ಏಷ್ಯನ್ ಅಂಗಡಿಯಿಂದ ಯಾರೋ ಪ್ರೀತಿಯಿಂದ ತಂದುಕೊಟ್ಟರೆ, ಥ್ಯಾಂಕ್ಸ್ ಹೇಳಿ ಪಕ್ಕದ ಮನೆಗೆ ದಾಟಿಸಬೇಕು. ಊರಿನಿಂದ ಬರುವ ಕಷಾಯದ ಪುಡಿ, ಅಮೃತಬಳ್ಳಿ, 'ನೂರಕ್ಕೆ ನೂರು ಗುಣ' ಎಂಬ ಚೂರ್ಣಗಳಿಗೂ ಇದೇ ಮರ್ಯಾದೆ: ಫಾರ್ಮಸಿಸ್ಟ್‌ಗೆ ತೋರಿಸದೆ ಒಲೆಗೆ ಏರುವಂತಿಲ್ಲ.

ಸ್ಟೆರಾಯ್ಡ್ ಕೊಟ್ಟ ದಿನ ರೋಗಿಗೆ ನಿದ್ದೆ ಬರುವುದಿಲ್ಲ, ಹುರುಪು ಜಾಸ್ತಿ, ನಾಲಿಗೆಯೂ ಹರಿತ. ನಡುರಾತ್ರಿ ಕಪಾಟು ಜೋಡಿಸಲು ಶುರುಮಾಡುತ್ತಾರೆ, 'ನಿಮಗೆ ಏನೂ ಬರಲ್ಲ ಬಿಡ್ರಿ' ಅನ್ನುತ್ತಾರೆ. ಔಷಧಿ ಇಳಿದ ದಿನ ಬಾಡಿ ಬೀಳುತ್ತಾರೆ. ಎರಡು ಸುತ್ತು ಕಳೆಯುವಷ್ಟರಲ್ಲಿ ಜೊತೆಗಾರರಿಗೆ ಈ ಏರಿಳಿತದ ನಕ್ಷೆ ಸಿಕ್ಕಿರುತ್ತದೆ. ಯಾವ ದಿನ ಮಾತಿಗೆ ಮಾತು ಕೊಡಬಾರದು, ಯಾವ ದಿನ ಮೊಮ್ಮಗುವನ್ನು ಕರೆತರಬಹುದು, ಯಾವ ದಿನ ಸುಮ್ಮನೆ ಪಕ್ಕದಲ್ಲಿ ಪೇಪರ್ ಓದುತ್ತ ಕೂತರೆ ಸಾಕು. ರಾಗಗಳ ಹೊತ್ತು ಗೊತ್ತಿರುವ ಹಿಂದುಸ್ತಾನಿ ಗವಾಯಿಯಂತೆ ಅವರು ಆ ವಾರವನ್ನು ಹಾಡಿಕೊಂಡು ಹೋಗುತ್ತಾರೆ.

ಅಡುಗೆಯ ವಿಷಯದಲ್ಲಿ ನಮ್ಮವರು ಮೊದಲು ಎಡವುತ್ತಾರೆ, ಆಮೇಲೆ ಎಲ್ಲರಿಗಿಂತ ಚೆನ್ನಾಗಿ ನಿಭಾಯಿಸುತ್ತಾರೆ. ಎಡವುವುದು ಒಗ್ಗರಣೆಯಲ್ಲಿ. ಇಂಗು, ಸಾಸಿವೆ ಸಿಡಿದ ವಾಸನೆಗೆ ಕೀಮೋ ರೋಗಿಗೆ ಹೊಟ್ಟೆ ತೊಳಸುತ್ತದೆ. ಮುಚ್ಚಿದ ಕಿಟಕಿಯ ಚಳಿಗಾಲದ ಮನೆಯಲ್ಲಿ ಆ ವಾಸನೆ ಸಂಜೆಯವರೆಗೂ ಹೋಗುವುದಿಲ್ಲ. ಹಾಗಾಗಿ ಒಗ್ಗರಣೆ ಗ್ಯಾರೇಜಿಗೆ ಹೋಗುತ್ತದೆ, ಇಲ್ಲವೇ ಗೆಳೆಯರ ಮನೆಗೆ. ಬಾಯಲ್ಲಿ ಹುಣ್ಣಾದಾಗ ಸಾರಿನ ಪುಡಿಯೂ ಉರಿ. ಗಂಜಿ, ಹೆಸರುಬೇಳೆ ತೊವ್ವೆ, ಮೆತ್ತಗೆ ಮಾಡಿದ ಅನ್ನ. ಎಲ್ಲಕ್ಕೂ ಕಬ್ಬಿಣದ ರುಚಿ ಬರುತ್ತಿದೆ ಎಂದಾಗ, ಹುಣ್ಣಿಲ್ಲದಿದ್ದರೆ, ಒಂದು ಹನಿ ನಿಂಬೆ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ತಿನ್ನಬಹುದೇ, ಹಸಿ ಕೋಸಂಬರಿ ಆಗುತ್ತದೆಯೇ ಎಂಬುದನ್ನು ಆಸ್ಪತ್ರೆಯ ಆಹಾರ ತಜ್ಞರ ಹತ್ತಿರವೇ ಕೇಳಬೇಕು, ಕಣಸಂಖ್ಯೆ ನೋಡಿ ಹೇಳುತ್ತಾರೆ. ಅವರಿಗೆ ಕೋಸಂಬರಿ ಗೊತ್ತಿರುವುದಿಲ್ಲ. 'ನೆನೆಸಿದ ಹೆಸರುಬೇಳೆ, ಹಸಿ ಸೌತೆಕಾಯಿ, ಹಸಿ ಕೊತ್ತಂಬರಿ' ಎಂದು ಬಿಡಿಸಿ ಹೇಳಬೇಕು. ಒಬ್ಬ ಗೆಳತಿ ಮನೆಯಡುಗೆಗಳ ಹೆಸರನ್ನೂ ಅವುಗಳೊಳಗಿನ ಪದಾರ್ಥವನ್ನೂ ಒಂದು ಹಾಳೆಯಲ್ಲಿ ಬರೆದು ಫೈಲಿಗೆ ಹಾಕಿಸಿದ್ದರು. ಅಂಥ ಹಾಳೆ ಪ್ರತಿ ಮನೆಯಲ್ಲೂ ಇರಬೇಕು ಎಂದು ನನಗೆ ಆಸೆ.

ರಜೆಯ ಲೆಕ್ಕ ದುಡಿಯುವ ಸಂಗಾತಿಯ ತಲೆನೋವು. 1993ರ ಫೆಡರಲ್ ಕಾನೂನು ವರ್ಷಕ್ಕೆ 12 ವಾರದ ರಜೆ ಕೊಡುತ್ತದೆ; ಸಂಬಳವಿಲ್ಲ, ಕೆಲಸ ಉಳಿಯುತ್ತದೆ, ಆದರೆ ಕಂಪನಿಯಲ್ಲಿ ಕನಿಷ್ಠ 50 ಜನ ಇರಬೇಕು, ಅಲ್ಲಿ ಒಂದು ವರ್ಷ ದುಡಿದಿರಬೇಕು. ವಾಷಿಂಗ್ಟನ್ ರಾಜ್ಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ 2020ರಿಂದ ಸಂಬಳದ ಒಂದು ಭಾಗವನ್ನೂ ಕೊಡುತ್ತಿದೆ. ಜಾಣರು 12 ವಾರವನ್ನು ಒಟ್ಟಿಗೆ ಖರ್ಚು ಮಾಡುವುದಿಲ್ಲ. ಈ ರಜೆಯನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳಲು ಅವಕಾಶವಿದೆ. ಪ್ರತಿ ಕೀಮೋ ದಿನಕ್ಕೆ ಒಂದು ದಿನ ಎಂದು ಎಳೆದರೆ ವರ್ಷವಿಡೀ ಬರುತ್ತದೆ. ಇನ್ನು ಕಾಗದಪತ್ರದ ವಿಷಯ. ವಿಮೆಯವರು ಕಳಿಸುವ ಲೆಕ್ಕದ ಕಾಗದ ಬಿಲ್ ಅಲ್ಲ, ಅದನ್ನು ನೋಡಿ ಚೆಕ್ ಬರೆಯಬೇಡಿ. ಆದಾಯ ಕಡಿಮೆಯಿದ್ದರೆ, ವಿಮೆ ಇಲ್ಲದ ತಂದೆತಾಯಿಯ ಬಿಲ್ಲಾದರೆ, ಆಸ್ಪತ್ರೆಯ ಹಣಕಾಸು ನೆರವಿನ ಅರ್ಜಿ ಕೇಳಿ. ಈ ರಾಜ್ಯದ ಆಸ್ಪತ್ರೆಗಳು ಅಂಥ ನೆರವನ್ನು ಇಟ್ಟಿರಲೇಬೇಕೆಂದು ಕಾನೂನೇ ಇದೆ. ಚಿಕಿತ್ಸೆಯ ತೀರ್ಮಾನ ಯಾರು ಹೇಳಬೇಕು ಎಂಬ ಅಧಿಕಾರಪತ್ರಕ್ಕೆ ರೋಗಿಗೆ ಮಾತಾಡುವ ಶಕ್ತಿ ಇರುವಾಗಲೇ ಸಹಿ ಹಾಕಿಸಬೇಕು. ಅಪಶಕುನ ಎಂದು ಮುಂದೂಡುವುದು ನಮ್ಮಲ್ಲಿ ಹೆಚ್ಚು. ಅದಕ್ಕೆ ರಾಯರ ಹೆಂಡತಿ ನಕ್ಕು ಹೇಳಿದ್ದು: 'ನಾಮಿನಿ ಇಲ್ಲದ ಪಾಲಿಸಿ ಇವರು ಯಾವತ್ತು ಪಾಸ್ ಮಾಡಿದಾರೆ?'

ಕೊನೆಯದಾಗಿ ಊರು ಮತ್ತು ಬಳಗ. ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಮುಂದಿರುವ ಊರಿನಿಂದ ಫೋನ್ ಬರುತ್ತಲೇ ಇರುತ್ತದೆ. 'ಹೇಗಿದಾಳೆ?' ಎಂದು ಅತ್ತೆ, ನಾದಿನಿ, ಸೋದರಮಾವ, ಹಳೆಯ ನೆರೆಯವರು ಬೇರೆ ಬೇರೆಯಾಗಿ ಕೇಳಿದರೆ ಅದೇ ಕಥೆಯನ್ನು ಅಷ್ಟು ಸಲ ಹೇಳಬೇಕು, ರೋಗಿ ಪಕ್ಕದಲ್ಲೇ ಮಲಗಿ ಕೇಳಿಸಿಕೊಳ್ಳುತ್ತಿರುವಾಗ. ತಿಳಿದವರು ಊರಿನಲ್ಲಿ ಒಬ್ಬರನ್ನು ಗೊತ್ತುಮಾಡಿ, ಅವರಿಗೊಬ್ಬರಿಗೇ ವಾರಕ್ಕೊಮ್ಮೆ ಹೇಳಿ, ಉಳಿದವರನ್ನು ಅವರ ಕಡೆಗೆ ಕಳಿಸುತ್ತಾರೆ. 'ನೋಡಿಕೊಂಡು ಹೋಗೋಣ ಅಂತ ಬಂದ್ವಿ' ಎಂದು ಬಾಗಿಲು ತಟ್ಟುವ ಬಳಗಕ್ಕೆ ಬಾಗಿಲಲ್ಲೇ ನಮಸ್ಕಾರ ಹೇಳಿ ಕಳಿಸುವುದು ಇನ್ನೂ ಕಷ್ಟ. ಅದನ್ನು ಜೊತೆಗಾರರೇ ಮಾಡಬೇಕು, ನಿಷ್ಠುರವನ್ನು ತಮ್ಮ ಮೇಲೆ ಹಾಕಿಕೊಂಡು. ತಮಗೇ ನೆಗಡಿಯಾದರೆ ಪಾಳಿ ವಹಿಸಿಕೊಳ್ಳಲು ಇನ್ನೊಬ್ಬರು ಸಿದ್ಧವಿರಬೇಕು. ಇದನ್ನು ಕಸಿ ಮಾಡುವ ಆಸ್ಪತ್ರೆಯವರೂ ಹೇಳುತ್ತಾರೆ. ಒಬ್ಬರ ಮೇಲೇ ನಿಂತ ವ್ಯವಸ್ಥೆ ಎರಡನೆಯ ತಿಂಗಳಿಗೆ ಕುಸಿಯುವುದನ್ನು ಕಂಡಿದ್ದೇನೆ.

ಇಲ್ಲಿಯ ಸಹ್ಯಾದ್ರಿ ಕನ್ನಡ ಸಂಘದ ಗೆಳೆಯರಿಗೆ, ಎಲ್ಲ ಊರಿನ ಕನ್ನಡ ಬಳಗಕ್ಕೆ ಒಂದು ಮನವಿ. 'ಏನಾದರೂ ಬೇಕಾದರೆ ಹೇಳಿ' ಅನ್ನಬೇಡಿ. ಆ ಮಾತಿಗೆ ಯಾರೂ ಏನನ್ನೂ ಕೇಳುವುದಿಲ್ಲ. 'ಮಂಗಳವಾರ ಬೆಳಗ್ಗೆ ಏಳಕ್ಕೆ ನನ್ನ ಕಾರು ನಿಮ್ಮ ಮನೆ ಮುಂದೆ ಇರುತ್ತದೆ', 'ಗುರುವಾರ ಒಗ್ಗರಣೆಯಿಲ್ಲದ ತೊವ್ವೆ ತಂದು ಬಾಗಿಲ ಹೊರಗಿಟ್ಟು ಹೋಗುತ್ತೇನೆ', 'ಶನಿವಾರ ಎರಡು ಗಂಟೆ ನಾನು ಅವರ ಪಕ್ಕ ಕೂರುತ್ತೇನೆ, ನೀವು ಮಲಗಿ' ಎಂದು ದಿನ, ಹೊತ್ತು ಹಿಡಿದು ಹೇಳಿ. ಕೆಮ್ಮಿದ್ದರೆ ಮಾತ್ರ ಬರಬೇಡಿ.